ಪ್ರಶ್ನೋತ್ತರ: ಅಮೆರಿಕದ ಹೈಸ್ಕೂಲು ಡಿಪ್ಲೊಮಾ, ಅದರ ಲೆಕ್ಕ ಮತ್ತು ದಾರಿಗಳು

ಹೊರದೇಶದಲ್ಲಿರುವ ಮಕ್ಕಳ ಶಾಲಾ ಶಿಕ್ಷಣದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಹೈಸ್ಕೂಲು ಮುಗಿಸುವ ನಿಯಮಗಳನ್ನು ಕುರಿತು ಬಂದ ಪತ್ರಗಳನ್ನು ಆರಿಸಿ, ಸಂಕ್ಷೇಪಿಸಿ, ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಈ ಜೂನ್ ತಿಂಗಳಲ್ಲಿ ಅವನ ‘ಗ್ರಾಜುಯೇಷನ್’ ಆಯಿತು, ‘ಡಿಪ್ಲೊಮಾ’ ಸಿಕ್ಕಿತು ಎಂದು ಮಗಳು ಗೌನು ತೊಟ್ಟ ಫೋಟೊ ಕಳುಹಿಸಿದ್ದಾಳೆ. ಹದಿನೆಂಟು ವರ್ಷಕ್ಕೆ ಪದವಿ ಹೇಗಾಯಿತು? ಅವನನ್ನು ಪಾಲಿಟೆಕ್ನಿಕ್‌ಗೆ ಹಾಕಿದ್ದರೇ? ಎಷ್ಟು ಅಂಕ ಬಂತು ಎಂದು ಕೇಳಿದರೆ ‘ಹಾಗೆಲ್ಲ ಇಲ್ಲಿ ಇಲ್ಲ ಅಪ್ಪ’ ಎನ್ನುತ್ತಾಳೆ. (ನಿವೃತ್ತ ಉಪಾಧ್ಯಾಯರು, ಹಾಸನ)

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ಎರಡು ಪದಗಳು. ನಮ್ಮಲ್ಲಿ ಡಿಪ್ಲೊಮಾ ಎಂದರೆ ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಓದುವ ಮೂರು ವರ್ಷದ ಕೋರ್ಸು. ಗ್ರಾಜುಯೇಟ್ ಎಂದರೆ ಬಿ.ಎ., ಬಿ.ಎಸ್‌ಸಿ. ಮುಗಿಸಿದವನು. ಅಮೆರಿಕದಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷವೂ ಒಂದೇ ಹೈಸ್ಕೂಲು. ಅದನ್ನು ಮುಗಿಸುವುದೇ ಅವರ ಮೊದಲ ‘ಗ್ರಾಜುಯೇಷನ್’, ಆಗ ಕೊಡುವ ಪ್ರಮಾಣಪತ್ರವೇ ಡಿಪ್ಲೊಮಾ. ನಿಮ್ಮ ಮೊಮ್ಮಗ ಮುಗಿಸಿರುವುದು ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಹಂತವನ್ನು. ಗೌನು, ಟೋಪಿ, ಬ್ಯಾಂಡು ಎಲ್ಲ ಇರುವುದರಿಂದ ಘಟಿಕೋತ್ಸವದಂತೆ ಕಂಡಿದೆ, ಅಷ್ಟೆ.

ಅಂಕದ ವಿಷಯದಲ್ಲಿ ಮಗಳು ಹೇಳಿದ್ದು ನಿಜ. ‘625ಕ್ಕೆ ಎಷ್ಟು?’ ಎಂಬ ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ, ಏಕೆಂದರೆ ಇಡೀ ದೇಶಕ್ಕಿರಲಿ, ಬಹುತೇಕ ರಾಜ್ಯಗಳಲ್ಲಿ ರಾಜ್ಯಕ್ಕೂ ಒಂದು ಅಂತಿಮ ಬೋರ್ಡ್ ಪರೀಕ್ಷೆ ಇಲ್ಲ. ಶಿಕ್ಷಣವು ಅಲ್ಲಿ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು; ರಾಜ್ಯವು ಒಂದು ಕನಿಷ್ಠ ಮಿತಿಯನ್ನು ಹಾಕುತ್ತದೆ, ಅದರ ಮೇಲೆ ಸ್ಥಳೀಯ ಶಾಲಾ ಜಿಲ್ಲೆಯು (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ತನ್ನದನ್ನು ಸೇರಿಸುತ್ತದೆ, ಡಿಪ್ಲೊಮಾ ಕೊಡುವುದು ಆ ಜಿಲ್ಲೆಯ ಶಾಲೆ. ವಿದ್ಯಾರ್ಥಿ ಪ್ರತಿ ವಿಷಯದಲ್ಲೂ ಉತ್ತೀರ್ಣನಾದಂತೆ ಅವನ ಖಾತೆಗೆ ಕ್ರೆಡಿಟ್‌ಗಳು ಜಮೆಯಾಗುತ್ತವೆ. ನಿಗದಿತ ವಿಷಯಗಳಲ್ಲಿ ನಿಗದಿತ ಮೊತ್ತ ತುಂಬಿದರೆ ಡಿಪ್ಲೊಮಾ. ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ ಎಂದರೆ ತಪ್ಪಾಗದು, ಮತ್ತು ಆ ಪಾಸ್‌ಬುಕ್ಕಿನ ಹೆಸರು ಟ್ರಾನ್ಸ್‌ಕ್ರಿಪ್ಟ್.

ನೀವು ಉಪಾಧ್ಯಾಯರಾಗಿದ್ದವರು, ಆದ್ದರಿಂದ ಈ ಕ್ರೆಡಿಟ್ ಎಲ್ಲಿಂದ ಬಂತೆಂಬುದು ನಿಮಗೆ ಸ್ವಾರಸ್ಯವೆನಿಸಬಹುದು. ಅದು ಹುಟ್ಟಿದ್ದು ಮೇಷ್ಟರ ಪಿಂಚಣಿಯಿಂದ! ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲೆಂದು ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಯಾವ ಸಂಸ್ಥೆಯನ್ನು ನಿಜವಾದ ಕಾಲೇಜೆಂದು ಪರಿಗಣಿಸಬೇಕು ಎಂಬ ಪ್ರಶ್ನೆ ಎದ್ದಾಗ, ಪ್ರವೇಶಕ್ಕೆ ಹೈಸ್ಕೂಲಿನ 14 ‘ಯೂನಿಟ್’ಗಳನ್ನು ಕೇಳುವ ಸಂಸ್ಥೆಯೇ ಕಾಲೇಜು ಎಂದು ಪ್ರತಿಷ್ಠಾನ ನಿಶ್ಚಯಿಸಿತು. ಒಂದು ವಿಷಯವನ್ನು ವರ್ಷವಿಡೀ ಸುಮಾರು 120 ಗಂಟೆ ಕಲಿತರೆ ಒಂದು ಯೂನಿಟ್. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜುಗಳಿಗಾಗಿ ಹೈಸ್ಕೂಲುಗಳು ಒಪ್ಪಿದವು. ಒಂದು ಶತಮಾನ ಕಳೆದರೂ ಕಲಿಕೆಯನ್ನು ಬೆಂಚಿನ ಮೇಲೆ ಕುಳಿತ ಗಂಟೆಗಳಲ್ಲಿ ಅಳೆಯುವ ಆ ಪದ್ಧತಿ ಹೋಗಿಲ್ಲ.

ಪ್ರಶ್ನೆ: ನಾವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿದ್ದೇವೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಆಲ್ಜಿಬ್ರಾ ಒಂದು ಮುಗಿದಿದೆ, ಈಗ ಜಿಯಾಮೆಟ್ರಿ ಓದುತ್ತಿದ್ದಾಳೆ. ಇದಾದ ಮೇಲೆ ಗಣಿತ ಬೇಡ ಎನ್ನುತ್ತಾಳೆ. ಕಳೆದ ವರ್ಷ ಸ್ಪ್ಯಾನಿಷ್ ಮೊದಲ ಹಂತದಲ್ಲಿ ಎರಡನೆಯ ಸೆಮಿಸ್ಟರಿಗೆ ‘ಡಿ’ ಬಂತು, ಅದನ್ನೂ ಬಿಟ್ಟಳು. ಶಾಲೆಯ ಕೌನ್ಸೆಲರ್ ‘ಗ್ರಾಜುಯೇಷನ್‌ಗೆ ತೊಂದರೆಯಿಲ್ಲ, ಎಲ್ಲ ಸರಿಯಾಗಿದೆ’ ಎಂದರು. ಆದರೆ ಕನ್ನಡ ಕೂಟದಲ್ಲಿ ಭೇಟಿಯಾದ ಒಬ್ಬರು ಹೀಗಾದರೆ ಯಾವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ಸೂ ಅರ್ಜಿಯನ್ನೇ ನೋಡುವುದಿಲ್ಲ ಎಂದು ಹೆದರಿಸಿದರು. ಯಾರ ಮಾತು ನಿಜ? (ಒಬ್ಬ ತಾಯಿ)

ಉತ್ತರ: ಇಬ್ಬರ ಮಾತೂ ನಿಜ, ಮತ್ತು ತೊಡಕು ಇರುವುದೇ ಅಲ್ಲಿ. ಕೌನ್ಸೆಲರ್ ಉತ್ತರಿಸಿದ್ದು ಡಿಪ್ಲೊಮಾ ಸಿಗುತ್ತದೆಯೇ ಎಂಬ ಪ್ರಶ್ನೆಗೆ. ನಿಮ್ಮ ಮನಸ್ಸಿನಲ್ಲಿದ್ದದ್ದು ಆ ಡಿಪ್ಲೊಮಾ ಎಲ್ಲಿಗೆ ಕರೆದೊಯ್ಯುತ್ತದೆ ಎಂಬ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಇವೆರಡರ ನಡುವೆ ಇರುವ ಅಂತರವನ್ನು ಎಷ್ಟೋ ತಂದೆತಾಯಿಗಳು ಹನ್ನೆರಡನೆಯ ತರಗತಿಯ ಶರತ್ಕಾಲದಲ್ಲಿ, ಅರ್ಜಿ ತುಂಬಲು ಕುಳಿತಾಗ ಕಂಡುಕೊಳ್ಳುತ್ತಾರೆ. ನೀವು ಎರಡು ವರ್ಷ ಮುಂಚೆಯೇ ಕಂಡುಕೊಂಡಿರಿ.

ರಾಜ್ಯದ ಕನಿಷ್ಠ ಬೇಡಿಕೆ ವರ್ಷಪೂರ್ತಿ ಓದುವ 13 ಕೋರ್ಸುಗಳು: ಇಂಗ್ಲಿಷ್ 3, ಸಮಾಜ ವಿಜ್ಞಾನ 3, ಗಣಿತ 2, ವಿಜ್ಞಾನ 2, ದೈಹಿಕ ಶಿಕ್ಷಣ 2, ಕೊನೆಗೆ ಕಲೆ, ಅನ್ಯಭಾಷೆ, ವೃತ್ತಿಶಿಕ್ಷಣ ಈ ಮೂರರಲ್ಲಿ ಯಾವುದಾದರೊಂದು. ಗಣಿತದ ಎರಡರಲ್ಲಿ ಆಲ್ಜಿಬ್ರಾ ಒಂದು ಇರಲೇಬೇಕು. ಇದರ ಮೇಲೆ ಜಿಲ್ಲೆಗಳು ತಮ್ಮ ಇಚ್ಛೆಯಂತೆ ಸೇರಿಸುತ್ತವೆ; ಲಾಸ್ ಏಂಜಲೀಸ್ ಜಿಲ್ಲೆ 210 ಕ್ರೆಡಿಟ್ ಕೇಳಿದರೆ ಸ್ಯಾನ್ ಫ್ರಾನ್ಸಿಸ್ಕೊ 230 ಕೇಳುತ್ತದೆ. ಒಂದು ವಿಷಯವನ್ನು ಒಂದು ಸೆಮಿಸ್ಟರ್ ಓದಿದರೆ ಅಲ್ಲಿ 5 ಕ್ರೆಡಿಟ್ ಎಂಬುದು ರೂಢಿ. ‘ಡಿ’ ಬಂದರೂ ಅದು ಪಾಸು, ಕ್ರೆಡಿಟ್ ಜಮೆಯಾಗುತ್ತದೆ. ಹಿಂದೆ ಇದ್ದ ರಾಜ್ಯಮಟ್ಟದ ನಿರ್ಗಮನ ಪರೀಕ್ಷೆಯನ್ನು 2015ರಲ್ಲೇ ನಿಲ್ಲಿಸಿದ್ದಾರೆ. ಈ ಲೆಕ್ಕದಲ್ಲಿ ನಿಮ್ಮ ಮಗಳು ರಾಜ್ಯದ ಗಣಿತದ ಮಟ್ಟಿಗೆ ಈ ವರ್ಷವೇ ಋಣಮುಕ್ತಳು, ನಿಮ್ಮ ಜಿಲ್ಲೆ ಮೂರನೆಯ ವರ್ಷವನ್ನು ಕೇಳದಿದ್ದರೆ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಈ ಎರಡು ಸಾರ್ವಜನಿಕ ವ್ಯವಸ್ಥೆಗಳು ಕೇಳುವುದು ಬೇರೆ ಪಟ್ಟಿ. ಅದನ್ನು ‘ಎ ಟು ಜಿ’ ಎನ್ನುತ್ತಾರೆ, ಏಕೆಂದರೆ ಏಳು ವಿಷಯ ಗುಂಪುಗಳಿಗೆ ಎ-ಯಿಂದ ಜಿ-ವರೆಗಿನ ಅಕ್ಷರಗಳನ್ನು ಕೊಟ್ಟಿದ್ದಾರೆ: ಇತಿಹಾಸ 2 ವರ್ಷ, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷೇತರ ಭಾಷೆ 2, ಕಲೆ 1, ಐಚ್ಛಿಕ 1. ಒಟ್ಟು 15. ಎಲ್ಲದರಲ್ಲೂ ‘ಸಿ’ ಅಥವಾ ಮೇಲ್ಪಟ್ಟ ಶ್ರೇಣಿ ಬೇಕು. ಯುಸಿಗೆ ಇವುಗಳಲ್ಲಿ 11 ಕೋರ್ಸುಗಳು ಹನ್ನೆರಡನೆಯ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಈ ಎರಡೂ ವ್ಯವಸ್ಥೆಗಳು ಪ್ರವೇಶಕ್ಕೆ ಎಸ್‌ಎಟಿ, ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕಗಳನ್ನು ನೋಡುವುದನ್ನು ನಿಲ್ಲಿಸಿರುವುದರಿಂದ ಟ್ರಾನ್ಸ್‌ಕ್ರಿಪ್ಟಿನ ಮೇಲಿನ ಭಾರ ಇನ್ನೂ ಹೆಚ್ಚಿದೆ. ಸ್ಯಾನ್ ಹೋಸೆ ನಗರದ ಜಿಲ್ಲೆಯಂತಹ ಕೆಲವು ಕಡೆ ಎ ಟು ಜಿ ಕೋರ್ಸುಗಳನ್ನೇ ಡಿಪ್ಲೊಮಾದ ನಿಯಮವಾಗಿಸಿದ್ದಾರೆ. ಆದರೆ ಅಂತಹ ಕಡೆಯೂ ಡಿಪ್ಲೊಮಾಗೆ ‘ಡಿ’ ಸಾಕೆಂದಿದ್ದರೆ ವಿಶ್ವವಿದ್ಯಾಲಯಕ್ಕೆ ‘ಸಿ’ ಬೇಕು ಎಂಬ ಕಂದಕ ಹಾಗೆಯೇ ಉಳಿಯುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಆಗಿರುವುದು ಇದೇ.

ನಿಮ್ಮ ಮಗಳ ಸ್ಥಿತಿ ಕೆಟ್ಟದಾಗಿಯೇನೂ ಇಲ್ಲ. ಹನ್ನೊಂದನೆಯ ತರಗತಿಗೆ ಆಲ್ಜಿಬ್ರಾ ಎರಡು ತೆಗೆದುಕೊಳ್ಳಲಿ; ಗಣಿತದ ಮೂರು ವರ್ಷ ಅಲ್ಲಿಗೆ ಮುಗಿಯುತ್ತದೆ. ಸ್ಪ್ಯಾನಿಷ್ ವಿಷಯದಲ್ಲಿ ನೀವು ತಿಳಿದಿರಬೇಕಾದ ಒಂದು ಅನುಕೂಲವಿದೆ: ಭಾಷೆ ಮತ್ತು ಗಣಿತದಂತೆ ಒಂದರ ಮೇಲೊಂದು ಕಟ್ಟುವ ವಿಷಯಗಳಲ್ಲಿ, ಮೇಲಿನ ಹಂತದಲ್ಲಿ ‘ಸಿ’ ತಂದರೆ ಕೆಳಗಿನ ಹಂತದ ‘ಡಿ’ ಕೊರತೆ ತುಂಬಿತೆಂದು ಯುಸಿ ಒಪ್ಪುತ್ತದೆ. ಅಂದರೆ ಮೊದಲ ಹಂತವನ್ನು ಪುನಃ ಓದದೆ, ಸ್ಪ್ಯಾನಿಷ್ ಎರಡನೆಯ ಹಂತವನ್ನು ಚೆನ್ನಾಗಿ ಮುಗಿಸಿದರೆ ಭಾಷೆಯ ಎರಡು ವರ್ಷವೂ ಸಿಕ್ಕಂತೆ. (ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಆ ‘ಡಿ’ ಉಳಿದೇ ಇರುತ್ತದೆ, ಅದು ಬೇರೆ ಮಾತು.) ಅಡಿಪಾಯ ಅಷ್ಟು ದುರ್ಬಲವೆನಿಸಿದರೆ ಬೇಸಿಗೆಯಲ್ಲಿ ಮೊದಲ ಹಂತವನ್ನು ಮತ್ತೊಮ್ಮೆ ಮಾಡಿಸಿ. ಶಾಲೆಯ ಎಲ್ಲ ಕೋರ್ಸುಗಳೂ ಎ ಟು ಜಿ ಪಟ್ಟಿಯಲ್ಲಿ ಇರುವುದಿಲ್ಲ. ಪ್ರತಿ ಶಾಲೆಯ ಅನುಮೋದಿತ ಕೋರ್ಸುಗಳ ಪಟ್ಟಿಯನ್ನು ಯುಸಿಯೇ ಸಾರ್ವಜನಿಕವಾಗಿ ಇಟ್ಟಿದೆ. ಹೆಸರು ಹೋಲುತ್ತದೆ ಎಂದು ನಂಬದೆ ಅದನ್ನು ತೆರೆದು ನೋಡಿ.

ಇನ್ನೊಂದು ದಾರಿಯನ್ನೂ ಹೇಳದಿದ್ದರೆ ಚಿತ್ರ ಅಪೂರ್ಣ. ಎ ಟು ಜಿ ಮುಗಿಸದ ವಿದ್ಯಾರ್ಥಿ ಬರಿಯ ಡಿಪ್ಲೊಮಾ ಹಿಡಿದು ಕಮ್ಯೂನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಸಾರ್ವಜನಿಕ ಕಾಲೇಜು) ಸೇರಿ, ಎರಡು ವರ್ಷದ ನಂತರ ಯುಸಿಗೆ ವರ್ಗಾವಣೆ ಪಡೆಯಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಷರತ್ತು ಪೂರೈಸಿದವರಿಗೆ ವರ್ಗಾವಣೆಯ ಖಾತ್ರಿಯನ್ನೇ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಈ ಖಾತ್ರಿಯಲ್ಲಿ ಇಲ್ಲ. ನಮ್ಮ ಕುಟುಂಬಗಳಲ್ಲಿ ಕಮ್ಯೂನಿಟಿ ಕಾಲೇಜೆಂದರೆ ಮುಖ ಸಣ್ಣದು ಮಾಡುವವರು ಹೆಚ್ಚು. ಖರ್ಚನ್ನು ನೋಡಿದರೂ, ಹದಿನೇಳನೆಯ ವಯಸ್ಸಿಗೆ ಮನಸ್ಸು ಮಾಗದ ಮಕ್ಕಳನ್ನು ನೋಡಿದರೂ, ಆ ತಾತ್ಸಾರಕ್ಕೆ ಅರ್ಥವಿಲ್ಲವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ತಂಗಿಯ ಮಗ ದಾವಣಗೆರೆ ಬಳಿ ಎಂಟನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ, ಈಗ ಎಸ್‌ಎಸ್‌ಎಲ್‌ಸಿ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದು ಹನ್ನೊಂದನೆಯ ತರಗತಿ ಸೇರಿದ್ದಾನೆ. ಅನ್ಯಭಾಷೆಯ ಎರಡು ವರ್ಷಕ್ಕಾಗಿ ಈಗ ಫ್ರೆಂಚ್ ಮೊದಲಿಂದ ಕಲಿಯಬೇಕೇ? ಅವನ ಕನ್ನಡಕ್ಕೆ ಬೆಲೆ ಇಲ್ಲವೇ? (ಓದುಗರು, ಸ್ಯಾಕ್ರಮೆಂಟೊ)

ಉತ್ತರ: ಇದೆ, ಅದೂ ಪೂರ್ಣ ಬೆಲೆ. ಆರನೆಯ ತರಗತಿ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಇಂಗ್ಲಿಷಲ್ಲದ ಭಾಷೆಯೇ ಬೋಧನಾ ಮಾಧ್ಯಮವಾಗಿರುವ ಶಾಲೆಯಲ್ಲಿ ಕನಿಷ್ಠ ಎರಡು ವರ್ಷ ‘ಸಿ’ ಮಟ್ಟದಲ್ಲಿ ಓದಿದ್ದರೆ, ಭಾಷೆಯ ಬೇಡಿಕೆ ಪೂರೈಸಿತೆಂದು ಯುಸಿ ಪರಿಗಣಿಸುತ್ತದೆ. ಆರು, ಏಳು, ಎಂಟು ಹೀಗೆ ಮೂರು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಫ್ರೆಂಚ್ ಕಡ್ಡಾಯವಲ್ಲ. ಬೇಕಾಗುವುದು ದಾಖಲೆ: ಹಳೆಯ ಶಾಲೆಯಿಂದ ಆ ವರ್ಷಗಳ ಅಂಕಪಟ್ಟಿ ಮತ್ತು ಬೋಧನಾ ಮಾಧ್ಯಮ ಕನ್ನಡವೆಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಪತ್ರ, ಇಂಗ್ಲಿಷ್ ಅನುವಾದದೊಡನೆ. ಆ ಶಾಲೆ ವಿಲೀನವಾಗಿ ಕಡತಗಳು ಇನ್ನೊಂದು ಶಾಲೆಯ ಬೀರುವಿಗೆ ಹೋಗುವ ಮೊದಲೇ ತರಿಸಿಕೊಳ್ಳಿ.

ಅಮೆರಿಕದಲ್ಲೇ ಹುಟ್ಟಿ ಮನೆಯಲ್ಲಿ ಕನ್ನಡ ಕಲಿತ ಮಕ್ಕಳಿಗೂ ಒಂದು ಮಾತು. ಎರಡು ಭಾಷೆಗಳಲ್ಲಿ ಓದು ಬರಹ ಬಲ್ಲವರಿಗೆ ಡಿಪ್ಲೊಮಾದ ಮೇಲೆ ‘ಸೀಲ್ ಆಫ್ ಬೈಲಿಟರಸಿ’ ಎಂಬ ಮುದ್ರೆ ಹಾಕುವ ಕಾನೂನನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ; ಈಗ ಬಹುತೇಕ ಎಲ್ಲ ರಾಜ್ಯಗಳಲ್ಲಿ ಅದಿದೆ. ಇದು ಕಡ್ಡಾಯ ನಿಯಮವಲ್ಲ, ಗೌರವ. ಕನ್ನಡಕ್ಕೆ ಯಾವ ಪರೀಕ್ಷೆಯನ್ನು ಒಪ್ಪುತ್ತೀರಿ ಎಂದು ಜಿಲ್ಲೆಯನ್ನು ಹತ್ತನೆಯ ತರಗತಿಯಲ್ಲೇ ಬರೆದು ಕೇಳಿ. ಮಾತು ಸರಾಗವಾಗಿದ್ದು ಬರವಣಿಗೆ ಬಾರದ ಮಕ್ಕಳು ಸೋಲುವುದು ಬರವಣಿಗೆಯ ಭಾಗದಲ್ಲಿ.

ನಿಮ್ಮ ತಂಗಿಯ ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಹೈಸ್ಕೂಲಿನ ಮೂರನೆಯ ಅಥವಾ ನಾಲ್ಕನೆಯ ವರ್ಷಕ್ಕೆ ಬಂದು, ಹೊಸದಾಗಿ ವಲಸೆ ಬಂದ ಮಕ್ಕಳ ವಿಶೇಷ ಕಾರ್ಯಕ್ರಮದಲ್ಲಿರುವವರಿಗೆ ಜಿಲ್ಲೆಯ ಹೆಚ್ಚುವರಿ ಬೇಡಿಕೆಗಳಿಂದ ವಿನಾಯಿತಿ ಕೊಟ್ಟು ರಾಜ್ಯದ ಕನಿಷ್ಠ ನಿಯಮಗಳ ಮೇಲೆಯೇ ಡಿಪ್ಲೊಮಾ ಕೊಡುವ ಅವಕಾಶ ಆ ರಾಜ್ಯದ ಕಾನೂನಿನಲ್ಲಿದೆ. ಒಳ್ಳೆಯ ಉದ್ದೇಶದ ಕಾನೂನು. ಆದರೆ ಆ ವಿನಾಯಿತಿಗೆ ಸಹಿ ಹಾಕುವ ಮೊದಲು ಎ ಟು ಜಿ ಪಟ್ಟಿಯಲ್ಲಿ ಏನು ಖಾಲಿ ಉಳಿಯುತ್ತದೆ ಎಂದು ನೋಡಿಕೊಳ್ಳಿ.

ಪ್ರಶ್ನೆ: ಮೈಸೂರಿನಿಂದ ನ್ಯೂಯಾರ್ಕಿನ ಕ್ವೀನ್ಸ್‌ಗೆ ಬಂದು ಎರಡು ವರ್ಷವಾಯಿತು. ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಇಂಗ್ಲಿಷ್, ಆಲ್ಜಿಬ್ರಾ, ಬಯಾಲಜಿ, ಗ್ಲೋಬಲ್ ಹಿಸ್ಟರಿ ರೀಜೆಂಟ್ಸ್ ಪರೀಕ್ಷೆಗಳನ್ನು ಪಾಸು ಮಾಡಿದ್ದಾನೆ. ಅಮೆರಿಕದ ಇತಿಹಾಸದಲ್ಲಿ 58 ಬಂದು ಅನುತ್ತೀರ್ಣನಾದ. ಅಂತರ್ಯುದ್ಧ, ಸಂವಿಧಾನ ತಿದ್ದುಪಡಿ ಇವೆಲ್ಲ ಅವನಿಗೆ ಹೊಸದು. ಡಿಪ್ಲೊಮಾ ಕೈತಪ್ಪುತ್ತದೆಯೇ? ರೀಜೆಂಟ್ಸ್ ಪರೀಕ್ಷೆಗಳನ್ನೇ ತೆಗೆದುಹಾಕುತ್ತಾರಂತೆ, ಕಾಯಬಹುದೇ? (ಒಬ್ಬ ತಂದೆ)

ಉತ್ತರ: ಮೇಲೆ ನಾನು ‘ಬಹುತೇಕ ರಾಜ್ಯಗಳಲ್ಲಿ’ ಎಂದು ಜಾಗ್ರತೆಯಿಂದ ಬರೆದದ್ದು ನ್ಯೂಯಾರ್ಕಿನಂತಹ ರಾಜ್ಯಗಳಿಗಾಗಿ. ರೀಜೆಂಟ್ಸ್ ಎಂಬ ಹೆಸರಿನ ಪರೀಕ್ಷೆ ಅಲ್ಲಿ ಮೊದಲು ನಡೆದದ್ದು 1865ರಲ್ಲಿ. ನಮ್ಮ ಬೋರ್ಡ್ ಪರೀಕ್ಷೆಗೆ ಅತ್ಯಂತ ಹತ್ತಿರದ ಅಮೆರಿಕನ್ ಬಂಧು ಅದೇ. ಡಿಪ್ಲೊಮಾಗೆ 22 ಕ್ರೆಡಿಟ್‌ಗಳ (ಅಲ್ಲಿ ವರ್ಷಪೂರ್ತಿಯ ಕೋರ್ಸಿಗೆ ಒಂದು ಕ್ರೆಡಿಟ್) ಜೊತೆಗೆ ಐದು ರೀಜೆಂಟ್ಸ್ ಪರೀಕ್ಷೆಗಳಲ್ಲಿ 65 ಬೇಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಈಗ ಜಾರಿಯಲ್ಲಿರುವುದು ‘ನಾಲ್ಕು ಮತ್ತು ಒಂದು’ ಎಂಬ ಕ್ರಮ, ಮತ್ತು ನಿಮ್ಮ ಮಗನ ಬಿಡುಗಡೆ ಇರುವುದು ಅದರಲ್ಲಿಯೇ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇವುಗಳಲ್ಲಿ ತಲಾ ಒಂದು ಪರೀಕ್ಷೆ ಕಡ್ಡಾಯ. ಸಮಾಜ ವಿಜ್ಞಾನಕ್ಕೆ ಗ್ಲೋಬಲ್ ಹಿಸ್ಟರಿ ಅಥವಾ ಅಮೆರಿಕದ ಇತಿಹಾಸ, ಎರಡರಲ್ಲಿ ಒಂದು ಸಾಕು. ಅವನು ಗ್ಲೋಬಲ್ ಹಿಸ್ಟರಿ ಮುಗಿಸಿರುವುದರಿಂದ ನಾಲ್ಕೂ ಆದವು. ಐದನೆಯದು ಮಾತ್ರ ಬಾಕಿ, ಅದನ್ನು ಅವನು ಆಯ್ದುಕೊಳ್ಳಬಹುದು: ಎರಡನೆಯ ಗಣಿತ ಪರೀಕ್ಷೆ, ಎರಡನೆಯ ವಿಜ್ಞಾನ ಪರೀಕ್ಷೆ, ವೃತ್ತಿಶಿಕ್ಷಣದ ಪರೀಕ್ಷೆ, ಕಲೆ, ಅನ್ಯಭಾಷೆ, ನಾಗರಿಕ ಸಿದ್ಧತೆಯ ಮಾರ್ಗ ಹೀಗೆ. ಮೈಸೂರಿನಿಂದ ಬಂದ ಹುಡುಗನಿಗೆ ಜಿಯಾಮೆಟ್ರಿ ಅಥವಾ ರಸಾಯನಶಾಸ್ತ್ರದ ರೀಜೆಂಟ್ಸ್ ಅಮೆರಿಕದ ಇತಿಹಾಸಕ್ಕಿಂತ ಸುಲಭವಾದೀತು.

ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಹುದೇ ಹೊರತು ವಿಷಯವನ್ನಲ್ಲ. ಸಮಾಜ ವಿಜ್ಞಾನದ 4 ಕ್ರೆಡಿಟ್‌ಗಳಲ್ಲಿ ಒಂದು ಅಮೆರಿಕದ ಇತಿಹಾಸದ್ದು. ಶಾಲೆಯ ತರಗತಿಯಲ್ಲಿ ಅವನು ಉತ್ತೀರ್ಣನಾಗಲೇಬೇಕು. ಅದೇ ಪರೀಕ್ಷೆಯನ್ನು ಮತ್ತೆ ಬರೆಯುವುದಾದರೆ ಜನವರಿ, ಜೂನ್, ಆಗಸ್ಟ್ ಮೂರು ಅವಕಾಶಗಳಿವೆ. ಎರಡು ಬಾರಿ ಬರೆದೂ 60ರಿಂದ 64ರ ನಡುವೆ ನಿಂತವರಿಗೆ ಮೇಲ್ಮನವಿಯ ದಾರಿ ಇದೆ. 58ಕ್ಕೆ ಅದು ಸದ್ಯ ಅನ್ವಯಿಸದು.

ಕಾಯಬಹುದೇ ಎಂದು ಕೇಳಿದಿರಿ. ಬೇಡ. ರೀಜೆಂಟ್ಸ್ ಪರೀಕ್ಷೆಯನ್ನು ಡಿಪ್ಲೊಮಾದ ಷರತ್ತಿನಿಂದ ಬೇರ್ಪಡಿಸಿ, ಈಗಿನ ಲೋಕಲ್, ರೀಜೆಂಟ್ಸ್, ಅಡ್ವಾನ್ಸ್ಡ್ ಎಂಬ ಮೂರು ಬಗೆಯ ಡಿಪ್ಲೊಮಾಗಳ ಜಾಗದಲ್ಲಿ ಒಂದನ್ನೇ ಇರಿಸಬೇಕೆಂಬ ರೂಪುರೇಷೆಯನ್ನು ರಾಜ್ಯ ಶಿಕ್ಷಣ ಇಲಾಖೆ 2024ರ ನವೆಂಬರ್‌ನಲ್ಲಿ ಮುಂದಿಟ್ಟಿತು. ಪರೀಕ್ಷೆಯ ಕಡ್ಡಾಯ ತೆಗೆಯಲು ಅದು ಗುರುತು ಹಾಕಿಕೊಂಡದ್ದು 2027ರ ಶರತ್ಕಾಲವನ್ನು. ಅದೇ ತಿಂಗಳು ಮ್ಯಾಸಚೂಸೆಟ್ಸ್‌ನ ಮತದಾರರು ತಮ್ಮ ರಾಜ್ಯದ ಎಂಸಿಎಎಸ್ ಪರೀಕ್ಷೆಯನ್ನು ಡಿಪ್ಲೊಮಾದ ಷರತ್ತಿನಿಂದ ಜನಮತದ ಮೂಲಕ ತೆಗೆದುಹಾಕಿದರು. ಗಾಳಿ ಆ ಕಡೆಗೆ ಬೀಸುತ್ತಿದೆ ಎಂಬುದು ದಿಟ. ಆದರೆ ಪರೀಕ್ಷೆ ಹೋದ ಕಡೆ ಹೊರೆ ಇಳಿಯುವುದಿಲ್ಲ, ತರಗತಿಯ ಶ್ರೇಣಿಯ ಮೇಲೆ ಹೋಗಿ ಕೂರುತ್ತದೆ. ಹೊಸದಾಗಿ ಬಂದ ಮಗುವಿಗೆ ಅದು ಯಾವಾಗಲೂ ಹಗುರವಾಗಿರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಟೆಕ್ಸಸ್‌ನ ಪ್ಲೇನೊದಲ್ಲಿದ್ದೇವೆ. ಎಂಟನೆಯ ತರಗತಿಯ ಮಗಳಿಗೆ ‘ಎಂಡಾರ್ಸ್‌ಮೆಂಟ್’ ಆರಿಸಿ ಸಹಿ ಹಾಕಿ ಎಂದು ಫಾರಂ ಬಂದಿದೆ. ಹದಿಮೂರು ವರ್ಷಕ್ಕೆ ಸೈನ್ಸೋ ಆರ್ಟ್ಸೋ ಎಂದು ನಿರ್ಧರಿಸಬೇಕೇ? (ಓದುಗರು)

ಉತ್ತರ: ಗಾಬರಿಯಾಗಬೇಡಿ, ನಮ್ಮ ಪಿಯುಸಿಯ ಪಿಸಿಎಂಬಿ, ಸಿಇಬಿಎ ಹಾಗೆ ಇದು ಮುಚ್ಚಿದ ಬಾಗಿಲಲ್ಲ, ನಡುವೆ ಬದಲಿಸಬಹುದು. 2013ರ ಕಾನೂನಿನಂತೆ ಟೆಕ್ಸಸ್‌ನಲ್ಲಿ ಬುನಾದಿ ಡಿಪ್ಲೊಮಾಗೆ 22 ಕ್ರೆಡಿಟ್, ಎಂಡಾರ್ಸ್‌ಮೆಂಟ್ (ಆರಿಸಿಕೊಂಡ ಒಂದು ವಿಷಯ ಗುಂಪಿನ ಹೆಚ್ಚುವರಿ ಓದು) ಸೇರಿದರೆ 26; ಹೆಚ್ಚುವರಿ ನಾಲ್ಕರಲ್ಲಿ ಒಂದು ಗಣಿತ, ಒಂದು ವಿಜ್ಞಾನ, ಎರಡು ಐಚ್ಛಿಕ. ಆರಿಸಲು ಐದು ಗುಂಪುಗಳಿವೆ: ವಿಜ್ಞಾನ ತಂತ್ರಜ್ಞಾನ, ವಾಣಿಜ್ಯ ಮತ್ತು ಉದ್ಯಮ, ಸಾರ್ವಜನಿಕ ಸೇವೆ, ಕಲೆ ಮತ್ತು ಮಾನವಿಕ, ಬಹುಶಿಸ್ತೀಯ. ಅದೇ ಕಾನೂನು ಡಿಪ್ಲೊಮಾಗೆ ಬೇಕಾದ ರಾಜ್ಯ ಪರೀಕ್ಷೆಗಳನ್ನು 15ರಿಂದ 5ಕ್ಕೆ ಇಳಿಸಿತು.

ನೀವು ಗಮನ ಇಡಬೇಕಾದದ್ದು ಎಂಡಾರ್ಸ್‌ಮೆಂಟಿನ ಹೆಸರಿನ ಮೇಲಲ್ಲ, ‘ಡಿಸ್ಟಿಂಗ್ವಿಶ್ಡ್’ ಎಂಬ ದರ್ಜೆಯ ಮೇಲೆ. ಅದಕ್ಕೆ ಯಾವುದಾದರೊಂದು ಎಂಡಾರ್ಸ್‌ಮೆಂಟ್ ಜೊತೆಗೆ ಆಲ್ಜಿಬ್ರಾ ಎರಡು ಸೇರಿದಂತೆ ನಾಲ್ಕು ಗಣಿತ, ನಾಲ್ಕು ವಿಜ್ಞಾನ ಬೇಕು. ತರಗತಿಯ ಮೇಲಿನ ಶೇಕಡಾ 10ರೊಳಗೆ ಬಂದವರಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಎಂಬ 1997ರ ಪ್ರಸಿದ್ಧ ನಿಯಮ ಈ ದರ್ಜೆ ಇದ್ದವರಿಗೆ ಮಾತ್ರ ಅನ್ವಯಿಸುತ್ತದೆ. (ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ ಮಾತ್ರ ಬೇರೆ; ಅಲ್ಲಿ 2026ರ ಪ್ರವೇಶದಿಂದ ಮಿತಿ ಶೇಕಡಾ 5.) ಹತ್ತನೆಯ ತರಗತಿಯ ನಂತರ ಪೋಷಕರು ಲಿಖಿತ ಒಪ್ಪಿಗೆ ಕೊಟ್ಟರೆ ಎಂಡಾರ್ಸ್‌ಮೆಂಟ್ ಕೈಬಿಟ್ಟು 22ಕ್ಕೇ ಮುಗಿಸಬಹುದು. ಆ ಕಾಗದಕ್ಕೆ ಸಹಿ ಹಾಕುವಾಗ ಕೈಬಿಡುತ್ತಿರುವುದು ಬರಿಯ ನಾಲ್ಕು ಕ್ರೆಡಿಟ್ ಅಲ್ಲವೆಂದು ತಿಳಿದಿರಲಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಮರಳುವ ಯೋಚನೆ ಇದೆ. ಮಗ ಹನ್ನೊಂದನೆಯ ತರಗತಿ ಮುಗಿಸುತ್ತಾನೆ. ಈಗಲೇ ಬಂದು ದ್ವಿತೀಯ ಪಿಯುಸಿಗೆ ಸೇರಿಸುವುದೋ, ಅಲ್ಲಿಯೇ ಡಿಪ್ಲೊಮಾ ಮುಗಿಸಿ ಬಂದು ಎಂಜಿನಿಯರಿಂಗ್ ಸೇರಿಸುವುದೋ? (ಪೋಷಕರು, ಎಡಿಸನ್)

ಉತ್ತರ: ಮುಗಿಸಿಯೇ ಬನ್ನಿ. ಅಮೆರಿಕದ ಹೈಸ್ಕೂಲು ಡಿಪ್ಲೊಮಾವನ್ನು ಹನ್ನೆರಡನೆಯ ತರಗತಿಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಪ್ರಮಾಣೀಕರಿಸುತ್ತದೆ. ಆ ಸಮಾನತಾ ಪತ್ರವನ್ನು ಇಲ್ಲಿನ ಸಂಸ್ಥೆಗಳು ಕೇಳುತ್ತವೆ. ಅರ್ಧಕ್ಕೆ ಬಿಟ್ಟ ಟ್ರಾನ್ಸ್‌ಕ್ರಿಪ್ಟಿಗೆ ಅಂತಹ ನೆಲೆ ಇಲ್ಲ, ಮತ್ತು ಪ್ರಥಮ ಪಿಯುಸಿ ಓದದ ಹುಡುಗ ದ್ವಿತೀಯ ಪಿಯುಸಿಯ ಗಣಿತ, ಭೌತಶಾಸ್ತ್ರಗಳಿಗೆ ನೇರ ಇಳಿದರೆ ಉಸಿರು ಕಟ್ಟುತ್ತದೆ.

ಆದರೆ ಡಿಪ್ಲೊಮಾ ಇದ್ದರೆ ಸಾಲದು. ನ್ಯೂಜೆರ್ಸಿ ಕೇಳುವ 120 ಕ್ರೆಡಿಟ್‌ಗಳಲ್ಲಿ ವಿಜ್ಞಾನಕ್ಕೆ 15. ಜೀವಶಾಸ್ತ್ರ ಕಡ್ಡಾಯ, ಎರಡನೆಯದು ರಸಾಯನಶಾಸ್ತ್ರ, ಪರಿಸರ ವಿಜ್ಞಾನ, ಭೌತಶಾಸ್ತ್ರಗಳಲ್ಲಿ ಯಾವುದಾದರೂ ಆಗಬಹುದು, ಮೂರನೆಯದು ಇನ್ನೊಂದು ಪ್ರಯೋಗಾಲಯ ವಿಜ್ಞಾನ. ಅಂದರೆ ಭೌತಶಾಸ್ತ್ರದ ಒಂದು ಪುಟವನ್ನೂ ತೆರೆಯದೆ ಅಲ್ಲಿ ಗ್ರಾಜುಯೇಟ್ ಆಗಬಹುದು. ಇಲ್ಲಿ ಬಿ.ಇ. ಪ್ರವೇಶಕ್ಕೆ ಅಂತಹ ಟ್ರಾನ್ಸ್‌ಕ್ರಿಪ್ಟ್ ನಿಷ್ಪ್ರಯೋಜಕ. ಆದ್ದರಿಂದ ಹನ್ನೆರಡನೆಯ ತರಗತಿಯ ಕೋರ್ಸು ಆರಿಸುವಾಗಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೆಸರಿಟ್ಟು ಕಾಣುವಂತೆ ನೋಡಿಕೊಳ್ಳಿ, ಸಾಧ್ಯವಿದ್ದರೆ ಎಪಿ ಎಂಬ, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸುಗಳಾಗಿ. ಸಿಇಟಿಯ ಸರ್ಕಾರಿ ಸೀಟಿನ ಸಾಮಾನ್ಯ ಅರ್ಹತೆಯು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತಿನ ಸುತ್ತ ಇರುವುದರಿಂದ, ನಿಮ್ಮ ಮಗನಿಗೆ ಯಾವ ವರ್ಗದಲ್ಲಿ ಅವಕಾಶವಿದೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿದ ಮೇಲೆಯೇ ಟಿಕೆಟ್ ಕಾಯ್ದಿರಿಸಿ.

ಪ್ರಶ್ನೆ: ಸಂಬಂಧಿಯ ಮಗ ಹೈಸ್ಕೂಲು ನಡುವೆ ಬಿಟ್ಟಿದ್ದಾನೆ. ಜಿಇಡಿ ಎಂಬ ಪರೀಕ್ಷೆ ಬರೆದರೆ ಡಿಪ್ಲೊಮಾ ಸಿಕ್ಕಂತೆಯೇ ಅಂತೆ. ಹೌದೇ? (ಓದುಗರು, ಶಿವಮೊಗ್ಗ)

ಉತ್ತರ: ಬಹುಮಟ್ಟಿಗೆ. ಎರಡನೆಯ ಮಹಾಯುದ್ಧಕ್ಕೆ ಹೋಗಿ ಓದು ತಪ್ಪಿದ ಸೈನಿಕರಿಗಾಗಿ 1942ರಲ್ಲಿ ರೂಪಿಸಿದ ಪರೀಕ್ಷೆ ಅದು. ಗಣಿತ, ಭಾಷೆ, ವಿಜ್ಞಾನ, ಸಮಾಜ ವಿಜ್ಞಾನ ನಾಲ್ಕು ಪತ್ರಿಕೆಗಳು, ಪ್ರತಿಯೊಂದರಲ್ಲೂ 200ಕ್ಕೆ 145 ಬಂದರೆ ಉತ್ತೀರ್ಣ. ಕಮ್ಯೂನಿಟಿ ಕಾಲೇಜಿಗೂ ಹೆಚ್ಚಿನ ಉದ್ಯೋಗಗಳಿಗೂ ಸಾಕಾಗುತ್ತದೆ. ಸೇನೆ ಮಾತ್ರ ಇಂದಿಗೂ ಡಿಪ್ಲೊಮಾ ಇದ್ದವರಿಗೇ ಆದ್ಯತೆ ಕೊಡುತ್ತದೆ, ಸೈನಿಕರಿಗಾಗಿ ಹುಟ್ಟಿದ ಪರೀಕ್ಷೆಯ ಪಾಡು ಇದು. ಹುಡುಗನ ವಯಸ್ಸು ಇನ್ನೂ ಹದಿನೇಳು ಹದಿನೆಂಟಾಗಿದ್ದು ಕೆಲವೇ ಕ್ರೆಡಿಟ್ ಬಾಕಿಯಿದ್ದರೆ, ಮೊದಲು ಶಾಲಾ ಜಿಲ್ಲೆಯ ಸಂಜೆ ತರಗತಿ ಅಥವಾ ವಯಸ್ಕರ ಶಾಲೆಯಲ್ಲಿ ಅವನ್ನು ತುಂಬಿಸಿ ಡಿಪ್ಲೊಮಾವನ್ನೇ ಪಡೆಯಲು ನೋಡಲಿ.

ಪ್ರಶ್ನೆ: ಜೂನ್‌ನಲ್ಲಿ ಮೊಮ್ಮಗಳ ಗ್ರಾಜುಯೇಷನ್ ನೋಡಲು ಹುಬ್ಬಳ್ಳಿಯಿಂದ ನಾವಿಬ್ಬರೂ ಹೊರಟಿದ್ದೇವೆ. ಅವಳಿಗೆ ಒಂದು ವಿಷಯದ ಕ್ರೆಡಿಟ್ ಇನ್ನೂ ಬಂದಿಲ್ಲವಂತೆ. ಸಮಾರಂಭದಲ್ಲಿ ಅವಳನ್ನು ವೇದಿಕೆಗೆ ಬಿಡುತ್ತಾರೆಯೇ? (ಅಜ್ಜಿ)

ಉತ್ತರ: ವೇದಿಕೆ ಹತ್ತುವುದು ಬೇರೆ, ಡಿಪ್ಲೊಮಾ ಸಿಗುವುದು ಬೇರೆ. ಒಂದೆರಡು ಕ್ರೆಡಿಟ್ ಬಾಕಿಯಿದ್ದರೂ ಬೇಸಿಗೆ ತರಗತಿಯಲ್ಲಿ ಮುಗಿಸುವ ಒಪ್ಪಂದದ ಮೇಲೆ ‘ನಡೆಯಲು’ ಬಿಡುವ ಜಿಲ್ಲೆಗಳಿವೆ, ಖಡಾಖಂಡಿತ ಬಿಡದ ಜಿಲ್ಲೆಗಳೂ ಇವೆ. ಶಾಲೆಯ ಲಿಖಿತ ನಿಯಮವನ್ನು ಮಗನಿಂದ ತರಿಸಿಕೊಳ್ಳಿ. ವೇದಿಕೆಯ ಮೇಲೆ ಕೈಗೆ ಕೊಡುವ ಚರ್ಮದ ಹೊದಿಕೆ ಎಷ್ಟೋ ಶಾಲೆಗಳಲ್ಲಿ ಖಾಲಿಯಾಗಿರುತ್ತದೆ, ಎಲ್ಲ ಕ್ರೆಡಿಟ್ ತಾಳೆ ನೋಡಿದ ನಂತರ ಪ್ರಮಾಣಪತ್ರ ಬೇರೆಯಾಗಿ ಬರುತ್ತದೆ. ಆದ್ದರಿಂದ ಒಳಗೆ ಕಾಗದ ಕಾಣದಿದ್ದರೆ ಅಲ್ಲಿಯೇ ಎಲ್ಲರೆದುರು ಕೇಳಬೇಡಿ. ಇನ್ನೊಂದು, ಪ್ರತಿ ಕುಟುಂಬಕ್ಕೂ ಪ್ರವೇಶ ಚೀಟಿಗಳು ಎಣಿಸಿ ಕೊಡುವುದುಂಟು. ನಿಮ್ಮಿಬ್ಬರನ್ನೂ ಲೆಕ್ಕಕ್ಕೆ ಸೇರಿಸಿಯೇ ಅರ್ಜಿ ಹಾಕುವಂತೆ ಸೊಸೆಗೆ ಈಗಲೇ ಹೇಳಿಡಿ.